ಬೀರುವಿನಲ್ಲಿಟ್ಟ ಲಿಂಗ

ನನಗೂ ನನ್ನ ಅತ್ತೆಗೂ ಒಂದೇ ಒಂದು ವಿಷಯದಲ್ಲಿ ಕೊನೆಯವರೆಗೂ ರಾಜಿಯಾಗಲಿಲ್ಲ. ಉಪ್ಪು, ಹುಳಿ, ಟಿವಿ ಧಾರಾವಾಹಿ, ಮಗಳ ಮದುವೆ, ಯಾವುದಕ್ಕಾದರೂ ನಾವಿಬ್ಬರೂ ಬೆಳಗ್ಗೆ ಕಿತ್ತಾಡಿ ಸಂಜೆ ಹೊತ್ತಿಗೆ ಎದುರುಬದುರು ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಲಿಂಗದ ವಿಷಯ ಮಾತ್ರ ಹಾಗಲ್ಲ. ನಮ್ಮ ಪೈಕಿ ಮಗುವಿಗೆ ಕಟ್ಟಿದ ಇಷ್ಟಲಿಂಗ ಆಮೇಲೆ ಮೈಮೇಲಿಂದ ಇಳಿಯಬಾರದು. ದಿನಾ ಸ್ನಾನ ಮಾಡಿ, ಅದನ್ನು ಎಡ ಅಂಗೈ ಮೇಲಿಟ್ಟುಕೊಂಡು, ನೀರೆರೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ ಪೂಜೆ ಮಾಡಿದ ಮೇಲೆಯೇ ಬಾಯಿಗೆ ಏನಾದರೂ ಹಾಕಬೇಕು. ಸತ್ತಾಗಲೂ ಅದೇ ಎಡ ಅಂಗೈಯಲ್ಲಿ ಅದನ್ನಿಟ್ಟು, ಕೂರಿಸಿ ಮಣ್ಣು ಮಾಡುತ್ತಾರೆ. ಅತ್ತೆ ಇದನ್ನು ಕೂದಲೆಳೆಯಷ್ಟೂ ತಪ್ಪದೆ ನಡೆಸಿದವರು. ನನ್ನ ಲಿಂಗ ಬೀರುವಿನಲ್ಲಿತ್ತು. ಮದುವೆಯ ರೇಷ್ಮೆ ಸೀರೆಗಳ ಹಿಂದೆ, ನುಸಿಗುಳಿಗೆಯ ವಾಸನೆ ಕುಡಿಯುತ್ತಾ ತಣ್ಣಗೆ ಕೂತಿತ್ತು.

"ದೇವ್ರನ್ನ ಬೀರೂಗೆ ಆಕಿ ಬೀಗ ಜಡ್ದವ್ಳೆ. ಇವ್ಳೂ ಒಬ್ಳು ಲಿಂಗವಂತೆ!" ಎಂದು ಅತ್ತೆ ಬಂದವರೆದುರೆಲ್ಲ ಹೇಳುತ್ತಿದ್ದರು.

"ನಿಮ್ಮ ಕೊರಳಲ್ಲೊಂದು ಇದೆಯಲ್ಲ ಅತ್ತೆ, ಮನೆಗೆ ಒಂದು ಸಾಕು ಬುಡಿ," ಎಂದು ನಾನೂ ಬಂದವರೆದುರೇ ಹೇಳುತ್ತಿದ್ದೆ. ಅವರು ತಿ. ನರಸೀಪುರದ ಕಡೆಯ ಹಳ್ಳಿಯಿಂದ ಮೈಸೂರಿನ ಒಂಟಿಕೊಪ್ಪಲಿಗೆ ಸೊಸೆಯಾಗಿ ಬಂದವರು. ಇಷ್ಟು ವರ್ಷ ಊರಲ್ಲಿದ್ದರೂ ಮಾತಿನಲ್ಲಿ ಹಳ್ಳಿ ಬಿಟ್ಟುಕೊಟ್ಟವರಲ್ಲ. ಬೈಗುಳದಲ್ಲಂತೂ ಬಿಟ್ಟುಕೊಡಲೇ ಇಲ್ಲ.

ಅವರ ಲಿಂಗ ಬೆಳ್ಳಿಯ ಕರಡಿಗೆಯಲ್ಲಿ, ಎಂದರೆ ನೆಲ್ಲಿಕಾಯಿಗಿಂತ ತುಸು ದೊಡ್ಡದಾದ ಮುಚ್ಚಳದ ಡಬ್ಬಿಯಲ್ಲಿ, ಎದೆಯ ಮೇಲೆ ತೂಗುತ್ತಿತ್ತು. ಪೂಜೆ ಮುಗಿಸಿ, ಕಣ್ಣು ಮುಚ್ಚಿಕೊಂಡೇ ಲಿಂಗವನ್ನು ಒಳಗಿಟ್ಟು, ಕಣ್ಣು ಮುಚ್ಚಿಕೊಂಡೇ ಮುಚ್ಚಳ ಒತ್ತುತ್ತಿದ್ದರು. ಟಪ್ ಎನ್ನುವ ಸದ್ದು ಬರುತ್ತಿತ್ತು. ಅಡುಗೆಮನೆಯಲ್ಲಿ ನಾನು ಆ ಸದ್ದಿಗೇ ಕಾದಿದ್ದು ಕಾಫಿ ಸೋಸುತ್ತಿದ್ದೆ. ಅವರು ಎದ್ದು ಬರುವಷ್ಟರಲ್ಲಿ ಲೋಟ ಟೇಬಲ್ಲಿನ ಮೇಲಿರಬೇಕು. ಇಲ್ಲದಿದ್ದರೆ ಅದಕ್ಕೂ ಒಂದು ಸುತ್ತು ಬೈಸಿಕೊಳ್ಳಬೇಕು.

ಕರೋನ ಮೊದಲ ಸಲ ಬಂದಾಗ ನಮಗೆ ಅದು ಟಿವಿಯ ಕಾಯಿಲೆಯಾಗಿತ್ತು. ತಟ್ಟೆ ಬಡಿಯಿರಿ ಎಂದಾಗ ಅತ್ತೆ ಹಳೇ ಹಿತ್ತಾಳೆ ತಟ್ಟೆ ಹಿಡಿದು ಗೇಟಿನವರೆಗೂ ಹೋಗಿ, "ಇದ್ಕೆಲ್ಲ ಎದ್ರೋ ರೋಗ ಆದ್ರೆ ಅದೆಂಥ ರೋಗವೇ?" ಎಂದು ನಕ್ಕು, ಬಡಿಯದೆ ವಾಪಸ್ಸು ಬಂದಿದ್ದರು. ಚೀನಾ ಅಂದರು, ಇಟಲಿ ಅಂದರು, ಬೊಂಬಾಯಿ ಅಂದರು. ಭೂಪಟದ ಮೇಲೆ ಕೆಂಪು ಚುಕ್ಕೆಗಳು ದಪ್ಪಗಾಗುತ್ತಾ ಹೋಗುವುದನ್ನು ನಾವು ಊಟದ ತಟ್ಟೆ ಹಿಡಿದುಕೊಂಡೇ ನೋಡಿದೆವು. ಎರಡನೇ ಸಲ ಬಂದಾಗ ಅದು ನಮ್ಮ ರಸ್ತೆಗೇ ಬಂತು.

ಹೇಗೆ ಬಂತು, ಯಾರಿಂದ ಬಂತು, ಯಾರಿಗೂ ತಿಳಿಯಲಿಲ್ಲ. ಮೇಟಗಳ್ಳಿ ಕಾರ್ಖಾನೆಗಳ ಶಿಫ್ಟ್ ಬಸ್ಸುಗಳು ನಮ್ಮ ಮುಖ್ಯರಸ್ತೆಯಲ್ಲಿ ಓಡುವುದು ಕಡಿಮೆಯಾಯಿತು. ಅವುಗಳ ಸದ್ದಿಗೆ ಬದಲಾಗಿ ಆಂಬುಲೆನ್ಸಿನ ಸದ್ದು ಬಂತು. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಮೊದಲೆಲ್ಲ ನೀರು ಬಂತೇ, ಕಸದ ಗಾಡಿ ಹೋಯಿತೇ ಎಂದು ಕೇಳುತ್ತಿದ್ದರು. ಈಗ ಬೆಳಗಾದರೆ ಒಂದು ಫೋಟೋ, ಅದರ ಸುತ್ತ ಹೂವಿನ ಹಾರ, ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ಮೊದಮೊದಲು ನಾನೂ ಪ್ರತಿಯೊಬ್ಬರಿಗೂ ಎರಡು ಸಾಲು ಬರೆಯುತ್ತಿದ್ದೆ. ಆಮೇಲೆ ಬರೀ ಕೈಮುಗಿದೆ. ಆಮೇಲೆ ಅದನ್ನೂ ಬಿಟ್ಟೆ. ಹಾಲು ತಂದುಕೊಡುತ್ತಿದ್ದವನೇ ಒಂದು ದಿನ ಫೋಟೋ ಆಗಿ ಬಂದ. ಹಿಂದಿನ ವಾರವಷ್ಟೇ ಹಾಲು ನೀರಾಗಿದೆ ಎಂದು ಅವನ ಮೇಲೆ ಎಗರಾಡಿದ್ದೆ.

ನಮ್ಮ ಮನೆಯಲ್ಲಿ ಮೊದಲು ಮಲಗಿದ್ದು ನಾನು. ಜ್ವರ ಬಂತು, ಕಾಫಿಯ ವಾಸನೆ ಹೋಯಿತು, ಮತ್ತೆ ಬಂತು. ಆಮೇಲೆ ನನ್ನ ಯಜಮಾನರು. ನಜರ್‌ಬಾದಿನ ತಮ್ಮ ದಿನಸಿ ಅಂಗಡಿಗೆ ಬಾಗಿಲೆಳೆದು ಬಂದು ಮಹಡಿ ಕೋಣೆ ಸೇರಿದರು. ಮೆಟ್ಟಿಲ ಮೇಲೆ ಗಂಜಿ ಇಟ್ಟು ನಾನು ಕೆಳಗಿಳಿದ ಮೇಲೆ ಅವರು ಬಾಗಿಲು ತೆಗೆಯುತ್ತಿದ್ದರು. ಮಗಳು ಹಾಸನದಲ್ಲಿ ಗಂಡನ ಮನೆಯಲ್ಲಿದ್ದಳು. ಲಾಕ್‌ಡೌನ್ ದಾಟಿ ಬರುವ ಹಾಗಿರಲಿಲ್ಲ. ಫೋನಿನಲ್ಲಿ ಅಳುತ್ತಿದ್ದಳು, ನಾನು ಗದರುತ್ತಿದ್ದೆ. ಕೊನೆಗೆ ಅತ್ತೆಗೆ ಕೆಮ್ಮು ಶುರುವಾಯಿತು. "ಪತ್ರೆ ತರಕ್ಕೆ ಇತ್ಲಿಗೆ ಓಗಿದ್ನಲ್ಲ, ತಂಡಿ ಆಗ್ಯದೆ," ಎಂದರು. ನಾನೂ ತಂಡಿಯೇ ಇರಬಹುದು ಎಂದುಕೊಂಡೆ. ಇನ್ನೇನು ಅಂದುಕೊಳ್ಳಲಿ?

ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ನೋಡುವ ಯಂತ್ರದಲ್ಲಿ ಅಂಕಿ ದಿನದಿನವೂ ಇಳಿಯಿತು. ಅತ್ತೆಗೆ ಅಂಕಿ ಓದಲು ಬರುತ್ತಿತ್ತು, ಅದೇ ತೊಂದರೆ. "ನಿನ್ನೆಗಿಂತ ಕಮ್ಮಿ ಅಲ್ವೇನೇ?" ಎಂದು ಕೇಳುವರು. ಬ್ಯಾಟರಿ ಹೋಗಿರಬೇಕು ಅತ್ತೆ, ಎನ್ನುವೆ. ಯಜಮಾನರು ಮಹಡಿಯಿಂದಲೇ ಗೊತ್ತಿರುವವರಿಗೆಲ್ಲ ಫೋನು ಮಾಡಿ ಹಾಸಿಗೆ ಹುಡುಕುತ್ತಿದ್ದರು. ಎಲ್ಲೂ ಇಲ್ಲ. ಊರಿಗೆ ಊರೇ ಹಾಸಿಗೆ ಹುಡುಕುತ್ತಿತ್ತು. ಆಮೇಲೆ ಒಂದು ಬೆಳಗ್ಗೆ ಫೋನು ಬಂತು. ಒಂದು ಬೆಡ್ ಖಾಲಿಯಾಗಿದೆ, ಗಾಡಿ ಕಳಿಸಿದ್ದೇವೆ, ತಡ ಮಾಡಿದರೆ ಬೇರೆಯವರಿಗೆ ಹೋಗುತ್ತದೆ. ಖಾಲಿಯಾಗಿದೆ ಎಂದರೆ ಏನು ಅರ್ಥ ಎಂದು ಆಗ ಯೋಚಿಸಲಿಲ್ಲ. ನನಗೆ ಖುಷಿಯಾಯಿತು. ಇಂಥದ್ದಕ್ಕೂ ಖುಷಿಪಟ್ಟೆನಲ್ಲ ಎಂದು ಈಗ ಮೈ ಉರಿಯುತ್ತದೆ.

ಅತ್ತೆ ಆಗ ಪೂಜೆಗೆ ಕೂತಿದ್ದರು. ಬೇಡ ಅಂದರೂ ಬಿಸಿನೀರು ಹುಯ್ದುಕೊಂಡು, ಗೋಡೆ ಹಿಡಿದುಕೊಂಡು ಬಂದು, ಮಣೆಯ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. ಅಂಗೈ ನಡುಗುತ್ತಿತ್ತು. ಪತ್ರೆ ಏರಿಸುವಷ್ಟರಲ್ಲಿ ಗೇಟಿನ ಹೊರಗೆ ಗಾಡಿ ನಿಂತಿತು. ಬಿಳಿ ಉಡುಪಿನವರು ಇಬ್ಬರು ಒಳಗೆ ಬಂದರು. ಮುಖವಿಲ್ಲ, ಬರೀ ಮಾತು: "ಬೇಗ ಕಣಮ್ಮ, ಬೇಗ, ಇನ್ನೂ ಎರಡು ಮನೆಗೆ ಹೋಗ್ಬೇಕು."

"ಒಂದ್ ಗಳಿಗೆ ತಡ್ಕೊಳ್ರಪ್ಪ," ಎಂದರು ಅತ್ತೆ. ಕಣ್ಣು ಮುಚ್ಚಿ, ತುಟಿಯಲ್ಲಿ ಏನೋ ಹೇಳಿಕೊಂಡು, ಯಾವತ್ತಿನ ಹಾಗೆಯೇ ಕರಡಿಗೆಯ ಮುಚ್ಚಳ ಒತ್ತಿದರು. ಟಪ್ ಎಂದಿತು. ನಾನು ಅಭ್ಯಾಸಬಲದಿಂದ ಅಡುಗೆಮನೆ ಕಡೆ ತಿರುಗಿದೆ. ಅವರು ನನ್ನನ್ನು ನೋಡಿ, "ಇವತ್ತು ಕಾಪಿ ಬ್ಯಾಡ ಬುಡು, ಅಲ್ಲೇ ಕುಡಿತೀನಿ," ಎಂದರು. ಗಾಲಿಕುರ್ಚಿಯಲ್ಲಿ ಕೂತು, ದೊಡ್ಡ ಗುಂಡಿಗಳ ತಮ್ಮ ಫೋನನ್ನು ಮಡಿಲಲ್ಲಿಟ್ಟುಕೊಂಡು, ಹಿಂದೆ ತಿರುಗಿ ಮಹಡಿ ಕಿಟಕಿಯಲ್ಲಿ ನಿಂತಿದ್ದ ಮಗನನ್ನು ನೋಡಿದರು. ಮಗ ಕೈಯೆತ್ತಿದರು. ಎದುರು ಮನೆಯವರ ಕಿಟಕಿ ಮುಚ್ಚಿಕೊಂಡಿತು. ಗಾಡಿ ಹೋಯಿತು.

ಮಧ್ಯಾಹ್ನ ಪೂಜೆಯ ತಟ್ಟೆ ತೆಗೆದಿಡಲು ಹೋದೆ. ಬಾಡಿದ ಪತ್ರೆಗಳನ್ನು ಗಿಡದ ಬುಡಕ್ಕೆ ಹಾಕೋಣವೆಂದು ಬಾಚಿದರೆ ಕೈಗೆ ಏನೋ ತಣ್ಣಗೆ ತಾಗಿತು. ಕಪ್ಪಗೆ, ನುಣ್ಣಗೆ, ಮೇಲೆ ವಿಭೂತಿಯ ಮೂರು ಗೆರೆ. ಅತ್ತೆ ಖಾಲಿ ಡಬ್ಬಿ ಮುಚ್ಚಿಕೊಂಡು ಹೋಗಿದ್ದರು. ಜನ್ಮವೆಲ್ಲ ಕಣ್ಣು ಮುಚ್ಚಿಕೊಂಡೇ ಮಾಡಿದ ಕೆಲಸ, ಅವತ್ತೊಂದೇ ದಿನ ಕೈ ತಪ್ಪಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಯ್ಯೋ ಶಿವನೇ, ಎಂದು ಗಟ್ಟಿಯಾಗಿಯೇ ಕೂಗಿದೆ. ಅತ್ತೆಯ ಫೋನಿಗೆ ಎಷ್ಟು ಸಲ ಮಾಡಿದರೂ ಯಾರೂ ಎತ್ತಲಿಲ್ಲ.

ಮಾರನೇ ಬೆಳಗ್ಗೆ ಅತ್ತೆಯ ಫೋನಿನಿಂದ ಕರೆ ಬಂತು. ಮಾತಾಡಿದವಳು ನರ್ಸಮ್ಮ. "ಅಮ್ಮಾ, ಇವ್ರು ನಿನ್ನೆಯಿಂದ ಒಂದ್ ತುತ್ತೂ ತಿಂತಿಲ್ಲ. ನೀರೂ ಕುಡೀತಿಲ್ಲ. ಖಾಲಿ ಹೊಟ್ಟೆಗೆ ಹೆಂಗ್ರೀ ಔಷಧಿ ಕೊಡೋದು? ನೀವಾದ್ರೂ ಹೇಳಿ." ಆಮೇಲೆ ಅತ್ತೆಯ ಉಸಿರು ಕೇಳಿಸಿತು. ಮಾತಿಗಿಂತ ಮೊದಲು ಉಸಿರೇ ಬಂತು.

"ಕರಡಿಗೆ ಬರಿದಾಗ್ಯದೆ ಕಣೇ."

"ಇಲ್ಲೇ ಇದೆ ಅತ್ತೆ. ತಟ್ಟೇಲೇ ಉಳ್ಕೊಂಡಿತ್ತು. ಜೋಪಾನವಾಗಿದೆ."

"ಅಂಗಾರೆ ಸದ್ಯ. ದಾರೀಲಿ ಎಲ್ಲಾರ ಬಿದ್ದೋಯ್ತಾ ಅಂತ ಜೀವ ಬಾಯಿಗ್ ಬಂದಿತ್ತು." ಅವರು ಅತ್ತರು. ಬೈಯುವುದನ್ನು ಬಿಟ್ಟು ಅತ್ತೆ ಅತ್ತದ್ದನ್ನು ಕೇಳಿದ್ದು ನನಗೆ ಅದೇ ಮೊದಲು. "ತಂದ್ಕೊಡು. ಪೂಜೆ ಆಗ್ದೆ ನಂಗೆ ಗಂಟ್ಲಲ್ಲಿ ಇಳಿಯಕ್ಕಿಲ್ಲ."

ಇದು ಹಟವಲ್ಲ. ಹೊರಗಿನವರಿಗೆ ಹಟದಂತೆ ಕಾಣುತ್ತದೆ. ಲಿಂಗ ಉಪವಾಸವಿರುವಾಗ ತಾನು ಉಣ್ಣುವುದೆಂದರೆ ಅವರಿಗೆ ಮಗುವಿಗೆ ಹಾಲು ಕೊಡದೆ ತಾಯಿ ಉಂಡ ಹಾಗೆ. ಅದು ನನಗೂ ಗೊತ್ತಿತ್ತು, ಆದರೂ ಕೂಗಾಡಿದೆ. "ಪ್ರಾಣ ಹೋಗೋ ಹೊತ್ನಲ್ಲಿ ಇದೆಂಥ ಮಡಿ ಅತ್ತೆ? ಊಟ ಮಾಡಿ ಸುಮ್ನೆ!" ಎಂದೆ. "ಪ್ರಾಣ ಓಗೋ ಒತ್ನಲ್ಲೇ ಕಣೇ ಅದು ಬೇಕಾಗೋದು," ಎಂದರು. ಫೋನು ಕಟ್ ಆಯಿತು.

ಪೊಲೀಸರಿಗೆ ಆಸ್ಪತ್ರೆ ಎಂದು ಹೇಳಿ ಸ್ಕೂಟರಿನಲ್ಲಿ ಹೊರಟೆ. ದಸರೆಯಲ್ಲಿ ಕಾಲಿಡಲು ಜಾಗವಿಲ್ಲದ ರಸ್ತೆಗಳಲ್ಲಿ ನಾಯಿಗಳು ನಡುಮಧ್ಯೆ ಮಲಗಿದ್ದವು. ಆಸ್ಪತ್ರೆಯ ಗೇಟಿನೆದುರು ಮಾತ್ರ ಜನವೋ ಜನ. ಎಲ್ಲರ ಕೈಯಲ್ಲೂ ಒಂದು ಚೀಲ, ಒಂದು ಫ್ಲಾಸ್ಕು. ಒಳಗಿರುವವರು ಕಾಣಿಸಬಹುದೇನೋ ಎಂದು ಎಲ್ಲರೂ ಮಹಡಿಗಳನ್ನು ನೋಡುತ್ತಿದ್ದರು. ಒಂದು ಉದ್ದನೆಯ ಮೇಜು. ಅದರ ಹಿಂದೆ ಒಬ್ಬ ಕಾವಲುಗಾರ ಚೀಲಗಳ ಮೇಲೆ ಹೆಸರು ಬರೆದು ಅಂಟಿಸಿ ಹಿಂದಿನ ರಾಶಿಗೆ ಎಸೆಯುತ್ತಿದ್ದ. ಅಷ್ಟು ದೊಡ್ಡ ರಾಶಿ.

"ಏನಿದೆಯಮ್ಮ ಒಳಗೆ?"

"ದೇವರು ಕಣಪ್ಪ."

"ದೇವ್ರನ್ನೆಲ್ಲ ತಗೊಳಂಗಿಲ್ಲ. ಬಟ್ಟೆ, ಹಣ್ಣು, ಚಾರ್ಜರ್, ಅಷ್ಟೇಯ."

ನನ್ನ ಸಿಟ್ಟು ನೆತ್ತಿಗೇರಿತು. "ನಿಮ್ಮನೇಲಿ ದೊಡ್ಡೋರಿಲ್ವೇನ್ರೀ? ಅದಿಲ್ದೆ ಅವ್ರು ಊಟ ಮಾಡ್ತಿಲ್ಲ, ಗೊತ್ತೇನ್ರೀ?" ಎಂದು ಕಿರುಚಿದೆ. ಅವನು ಕಿರುಚಲಿಲ್ಲ. ಪ್ಲಾಸ್ಟಿಕ್ ಮುಖವಾಡದೊಳಗೆ ಬೆವರು ಇಳಿಯುತ್ತಿತ್ತು. "ಎಲ್ರೂ ತರ್ತಾರೆ ಕಣಮ್ಮ. ತಾಯ್ತ ತರ್ತಾರೆ, ಶಿಲುಬೆ ತರ್ತಾರೆ, ದರ್ಗಾದ ದಾರ ತರ್ತಾರೆ. ಕಳ್ದೋದ್ರೆ ಯಾರು ಜವಾಬ್ದಾರಿ? ನಮ್ಮಮ್ಮನೂ ಒಳಗೇ ಅವ್ರೆ," ಎಂದ.

ಮರದ ಮರೆಗೆ ಹೋಗಿ ಚೀಲ ಬಿಚ್ಚಿದೆ. ಅತ್ತೆಯ ಹಸಿರು ನೂಲಿನ ಸೀರೆ ತಂದಿದ್ದೆ. ಲಿಂಗವನ್ನು ಅದರ ವಸ್ತ್ರದಲ್ಲಿ ಸುತ್ತಿ ಆ ಸೀರೆಯ ಸೆರಗಿನ ತುದಿಗೆ ಬಿಗಿಯಾಗಿ ಗಂಟು ಹಾಕಿದೆ. ಅತ್ತೆಯ ಪೆಟ್ಟಿಗೆ, ಬೀರು, ಬ್ಯಾಂಕು ಎಲ್ಲವೂ ಆ ಸೆರಗಿನ ತುದಿಯೇ. ಬೀಗದ ಕೈ ಅಲ್ಲೇ, ಅಡಕೆ ಚೂರು ಅಲ್ಲೇ, ಮೊಮ್ಮಗಳಿಗೆ ಇಟ್ಟ ಕಲ್ಲುಸಕ್ಕರೆಯೂ ಅಲ್ಲೇ. ಸೀರೆ ಕೈಗೆ ಬಂದರೆ ಬೆರಳು ತಾನಾಗಿ ಅಲ್ಲಿಗೇ ಹೋಗುತ್ತದೆ. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ. ಕಾವಲುಗಾರ ಸೀರೆಯನ್ನು ಒತ್ತಿ ನೋಡಿ, ಹೆಸರು ಬರೆದು, ರಾಶಿಗೆ ಎಸೆದ. ಅಲ್ಲಿ ಯಾರಿಗೂ ಸೀರೆ ಉಡಿಸುವುದಿಲ್ಲ, ಎಲ್ಲರಿಗೂ ಹಿಂದೆ ದಾರ ಕಟ್ಟುವ ಒಂದೇ ಬಗೆಯ ನಿಲುವಂಗಿ ಹಾಕುತ್ತಾರೆ ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

"ಸೀರೆ ಬಂತಾ ಅತ್ತೆ? ಸೆರಗಿನ ಗಂಟು ನೋಡಿ," ಎಂದು ಸಂಜೆ ಫೋನು ಮಾಡಿದೆ. ಬಂದಿಲ್ಲ. ಮಾರನೇ ದಿನ ಮತ್ತೆ ಕೇಳಿದೆ. ಬಂದಿಲ್ಲ. ನರ್ಸಮ್ಮನನ್ನು ಅಂಗಲಾಚಿದೆ. "ನೋಡ್ತೀನಮ್ಮ, ಕೆಳಗೆ ಬಟ್ಟೆ ಗುಡ್ಡ ಬಿದ್ದಿದೆ, ನಾವಿಲ್ಲಿ ಇರೋರೇ ಇಬ್ರು," ಎಂದಳು. ಅವಳ ದನಿಯಲ್ಲಿ ಸುಳ್ಳಿರಲಿಲ್ಲ, ಸುಸ್ತು ಇತ್ತು. ಅತ್ತೆಯ ಕೈಗೆ ಸೂಜಿ ಚುಚ್ಚಿ ನೀರು ಏರಿಸುತ್ತಿದ್ದರು. ಅಷ್ಟು ಸಾಲದು ಎಂದಳು.

ಮಠದ ಸ್ವಾಮಿಗಳಿಗೆ ಫೋನು ಹಚ್ಚಿದೆ. ಅವರು ಶಾಂತವಾಗಿ, ಆಪತ್ಕಾಲದಲ್ಲಿ ಮನಸ್ಸಿನಲ್ಲೇ ಪೂಜೆ ಮಾಡಿದರೂ ಸಲ್ಲುತ್ತದೆ, ಪ್ರಸಾದ ಸ್ವೀಕರಿಸಲು ಹೇಳಿ ತಾಯಿ, ಎಂದರು. ಅದನ್ನೇ ಅತ್ತೆಗೆ ದಾಟಿಸಿದೆ. ಆ ಕಡೆ ಆಕ್ಸಿಜನ್ನಿನ ಬುಸುಬುಸು.

"ಅವ್ರಿಗೇನ್ ಗೊತ್ತು, ಬುಡು. ಅವ್ರದು ಅವ್ರ ಕೊರಳಲ್ಲೇ ಅದೆ," ಎಂದರು ಅತ್ತೆ.

ನನಗೆ ಅಂಥ ಹೊತ್ತಿನಲ್ಲೂ ನಗು ಬಂತು. ನಗುವಿನ ಹಿಂದೆಯೇ ಅಳು ಬಂತು. ಅಳುತ್ತಲೇ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ನಾನು ಮಾಡ್ತೀನಿ ಅತ್ತೆ. ಇಲ್ಲಿ ನನ್ನ ಅಂಗೈ ಮೇಲೆ. ನೀವು ಅಲ್ಲಿಂದ ಕೇಳಿಸ್ಕೊಳಿ. ಆಮೇಲೆ ಊಟ ಮಾಡಿ. ಮಾಡ್ತೀರಾ?"

"ಯಾವ್ದುಕ್ ಮಾಡೀಯೆ? ನಂದು ಅಲ್ಲೆಲ್ಲೋ ಬಟ್ಟೆ ಗುಡ್ಡದಲ್ಲದೆ."

"ನನ್ನದಕ್ಕೆ."

"ನಿಂದು ಬೀರೂನಲ್ಲದೆ," ಎಂದರು. ದನಿಯಲ್ಲಿ ಹಳೆಯ ಖಾರ ಒಂಚೂರು ಮರಳಿತ್ತು.

ಹೋಗಿ ಸ್ನಾನ ಮಾಡಿ ಬಂದೆ. ಬೀರು ತೆಗೆದು ಸೀರೆಗಳ ಹಿಂದೆ ಕೈಹಾಕಿ ನನ್ನ ಲಿಂಗ ಹೊರತೆಗೆದೆ. ಫೋನನ್ನು ಸ್ಪೀಕರಿಗೆ ಹಾಕಿ ಅತ್ತೆಯ ಮಣೆಯ ಪಕ್ಕದಲ್ಲಿಟ್ಟುಕೊಂಡು ಕೂತೆ. ಆ ಕಡೆಯಿಂದ ಯಾರೋ ನರಳುವುದು, ಯಂತ್ರಗಳ ಕೂಗು, ಯಾರನ್ನೋ ಯಾರೋ ಕರೆಯುವುದು ಎಲ್ಲ ಕೇಳಿಸುತ್ತಿತ್ತು. "ಕೈಗೆ ತಗೊಂಡೆ ಅತ್ತೆ," ಎಂದೆ.

"ಯಾವ್ ಕೈಗೆ?"

ನೋಡಿಕೊಂಡರೆ ಬಲಗೈ ಮೇಲಿತ್ತು. ನನಗೆ ಮರೆತೇ ಹೋಗಿತ್ತು. ನಾನು ಮಾತಾಡದಿದ್ದುದಕ್ಕೇ ಅವರಿಗೆ ತಿಳಿಯಿತು. "ಎಡ್ಗೈ ಕಣೇ, ಎಡ್ಗೈ," ಎಂದರು. ಆಮೇಲೆ ಒಂದೊಂದೇ ಮಾತಿಗೆ ಉಸಿರು ಕಟ್ಟಿ ಕಟ್ಟಿ ಹೇಳಿಕೊಟ್ಟರು. ನೀರು ಎರಿ. ಒರೆಸು. ಈಬೂತಿ ಹಚ್ಚು, ಅಷ್ಟು ದಪ್ಪಕ್ಕಲ್ಲ. ಪತ್ರೆಯ ನುಣುಪು ಮೇಲಕ್ಕಿರಬಾರದು. ನೀರು ಬೀಳುವ ಸದ್ದು ಕೇಳಲೆಂದು ನಾನು ಫೋನಿನ ಹತ್ತಿರವೇ ತಟ್ಟೆ ಹಿಡಿದು ಎರೆದೆ. ಕೊನೆಗೆ, "ಮುಗೀತಾ?" ಎಂದರು. "ಮುಗೀತು ಅತ್ತೆ." "ಕೊರಳಿಗ್ ಕಟ್ಕೋ. ಇನ್ ಬೀರೂಗ್ ಆಕ್ಬ್ಯಾಡ." ಆಮೇಲೆ ನರ್ಸಮ್ಮನ ದನಿ: "ಬಾಯಿ ತೆಗೀತಿದಾರಮ್ಮ, ಇಡ್ಲಿ ತಿಂತಿದಾರೆ." ನಾನು ಮಣೆಗೆ ಹಣೆ ಹಚ್ಚಿ ಅತ್ತುಬಿಟ್ಟೆ.

ಆಮೇಲಿನ ಕೆಲವು ದಿನ ಹಾಗೇ ನಡೆಯಿತು. ಬೆಳಗಾದರೆ ಫೋನು, ಪೂಜೆ, ಆಮೇಲೆ ಅಲ್ಲಿ ಅವರಿಗೆ ಅರ್ಧ ಇಡ್ಲಿ, ಇಲ್ಲಿ ನನಗೆ ಕಾಫಿ. ನನ್ನ ಕೊರಳಲ್ಲಿ ಹೊಸ ದಾರ ಚುಚ್ಚುತ್ತಿತ್ತು. ಒಂದು ದಿನ ಪಕ್ಕದ ಹಾಸಿಗೆಯವರೂ ಕೇಳಿಸಿಕೊಳ್ಳುತ್ತಿದ್ದಾರೆ, ಗಟ್ಟಿಯಾಗಿ ಹೇಳು ಎಂದರು ಅತ್ತೆ. ಮತ್ತೊಂದು ದಿನ, ಪಕ್ಕದ ಹಾಸಿಗೆಯವಳು ಎಲ್ಲಿ ಎಂದು ಕೇಳಿದರೆ, "ಓಗ್ಬುಟ್ಳು," ಎಂದಷ್ಟೇ ಹೇಳಿ, "ನೀನು ಎರಿ," ಎಂದರು. ಯಜಮಾನರು ಮಹಡಿಯಿಂದ ಇಳಿದು ಬಂದು ದೂರದಲ್ಲಿ ಕುರ್ಚಿ ಹಾಕಿಕೊಂಡು ಕೇಳುತ್ತಿದ್ದರು. ಅತ್ತೆ ಮನೆಗೆ ಬಂದೇ ಬರುತ್ತಾರೆ ಎಂದು ನಾನು ನಂಬಿದ್ದೆ. ಅವರೆಕಾಯಿ ಕಾಲವಲ್ಲ, ಏನು ಸಾರು ಮಾಡುವುದು ಎಂದೂ ಯೋಚಿಸಿಟ್ಟಿದ್ದೆ.

ಒಂದು ಬೆಳಗ್ಗೆ ಫೋನು ಎತ್ತಲಿಲ್ಲ. ಮತ್ತೆ ಮಾಡಿದೆ, ಮತ್ತೆ ಮಾಡಿದೆ. ಲಿಂಗ ಅಂಗೈ ಮೇಲಿತ್ತು, ನೀರು ತುಂಬಿದ ಚೆಂಬು ಪಕ್ಕದಲ್ಲಿತ್ತು. ಅವರು ಕೇಳಿಸಿಕೊಳ್ಳದೆ ಪೂಜೆ ಶುರು ಮಾಡಲು ನನಗೆ ಮನಸ್ಸು ಬರಲಿಲ್ಲ. ಹಾಗೇ ಕೈ ಚಾಚಿಕೊಂಡು ಕೂತಿದ್ದೆ. ತೋಳು ಮರಗಟ್ಟಿತು. ಐಸಿಯುಗೆ ಹಾಕಿದ್ದಾರೆ, ಅಲ್ಲಿ ಫೋನು ಬಿಡುವುದಿಲ್ಲ ಎಂದು ಮಧ್ಯಾಹ್ನ ಯಾರೋ ತಿಳಿಸಿದರು. ಬೇರೆ ಏನೂ ಹೇಳಲಿಲ್ಲ. ಗೇಟಿಗೆ ಹೋದೆ, ನಿಂತೆ, ಮಹಡಿ ನೋಡಿದೆ, ಬಂದೆ. ಮಾರನೇ ದಿನವೂ ಅಷ್ಟೇ. ಅದರ ಮಾರನೇ ದಿನ ಆಸ್ಪತ್ರೆಯವರೇ ಫೋನು ಮಾಡಿದರು. ಪೇಷಂಟ್ ಕಡೆಯವರಾ ಎಂದು ಕೇಳಿದ ದನಿಯಲ್ಲೇ ನನಗೆ ಗೊತ್ತಾಗಿಹೋಯಿತು.

ಅವರನ್ನು ಸುಡಬೇಡಿ, ನಮ್ಮಲ್ಲಿ ಮಣ್ಣು ಮಾಡುವುದು ಎಂದು ಯಜಮಾನರು ಕೈಮುಗಿದು ಕೇಳಿಕೊಂಡರು. ಅಷ್ಟಕ್ಕೆ ಒಪ್ಪಿದರು. ರುದ್ರಭೂಮಿಯಲ್ಲಿ ಗುಂಡಿ ಮೊದಲೇ ತೆಗೆದಿತ್ತು. ಉದ್ದಕ್ಕೆ ತೆಗೆದಿತ್ತು. "ಕೂರಿಸ್ಬೇಕಿತ್ತು," ಎಂದು ಯಜಮಾನರು ಒಂದೇ ಸಮನೆ ಹೇಳುತ್ತಿದ್ದರು. ನಿಂತುಕೊಳ್ಳಲೂ ತ್ರಾಣವಿಲ್ಲದೆ ಗೋಡೆಗೆ ಒರಗಿದ್ದರು. ವಿಭೂತಿ ಗಟ್ಟಿಗಳಿಲ್ಲ, ಪತ್ರೆ ಇಲ್ಲ, ಮಂತ್ರ ಹೇಳಬೇಕಾದ ಅಯ್ಯನವರು ಫೋನಿನಲ್ಲಿದ್ದರು. ಗಾಡಿಯಿಂದ ಒಂದು ಕಟ್ಟು ಇಳಿಸಿದರು. ಸುತ್ತಿ, ಅದರ ಮೇಲೆ ಮತ್ತೆ ಸುತ್ತಿ, ಹಗ್ಗ ಬಿಗಿದಿದ್ದರು. ಅದು ನಮ್ಮತ್ತೆ ಎಂದು ಹೇಳಿದರು, ನಾವು ನಂಬಿದೆವು. ಅವರ ಸಾಮಾನೆಂದು ಒಂದು ಪ್ಲಾಸ್ಟಿಕ್ ಚೀಲ ಕೊಟ್ಟರು. ಫೋನು, ಕನ್ನಡಕ, ಬೆಳ್ಳಿಯ ಕರಡಿಗೆ. ಸೀರೆ ಇರಲಿಲ್ಲ. ಕರಡಿಗೆ ಅಲ್ಲಾಡಿಸಿದೆ. ಸದ್ದಿಲ್ಲ.

ಲಿಂಗವಿಲ್ಲದೆ ನಮ್ಮತ್ತೆಯನ್ನು ಹೇಗೆ ಕಳಿಸುವುದು? ಯೋಚಿಸಲು ಹೊತ್ತಿರಲಿಲ್ಲ. ಹಿಂದೆ ಇನ್ನೊಂದು ಗಾಡಿ ಬಂದು ನಿಂತಿತ್ತು. ನನ್ನ ಕೊರಳ ದಾರ ಕಿತ್ತೆ. ನನ್ನ ಲಿಂಗವನ್ನು ಅಂಗೈಯಲ್ಲಿ ಚಾಚಿ, "ಅಣ್ಣಾ, ಇದನ್ನ ಅವರ ಎಡಗೈಲಿ ಇಟ್ಬುಡಿ," ಎಂದೆ. ಆ ಬಿಳಿ ಉಡುಪಿನವರಲ್ಲಿ ಒಬ್ಬ ಹತ್ತಿರ ಬಂದ. "ಬಿಚ್ಚೋ ಹಾಗಿಲ್ಲ ಕಣಕ್ಕ. ಮೇಲೆ ಇಡ್ತೀನಿ, ಆಗ್ಬೋದಾ?" ಎಂದ. ನೆಲದ ಮೇಲಿಟ್ಟು ಹಿಂದೆ ಸರಿದೆ. ಅವನು ಎತ್ತಿಕೊಂಡು ಹೋಗಿ ಗುಂಡಿಗೆ ಇಳಿಸಿದ್ದ ಕಟ್ಟಿನ ಮೇಲೆ ಬಗ್ಗಿದ. ಬಗ್ಗಿದವನು ತಿರುಗಿ ನನ್ನನ್ನೇ ಕೇಳಿದ.

"ಅಕ್ಕಾ, ತಲೆ ಯಾವ್ ಕಡೆ ಅಂತ ಗೊತ್ತಾಗ್ತಿಲ್ಲ. ಎಡಗೈ ಯಾವ್ದು?"

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು, ಕಿತ್ತಾಡಿ, ಅವರ ತಲೆಗೆ ಎಣ್ಣೆ ಹಚ್ಚಿದವಳಿಗೆ ಅವರ ತಲೆ ಎತ್ತ ಇದೆ ಎಂದು ಹೇಳಲಾಗಲಿಲ್ಲ. ಎಲ್ಲಾದರೂ ಇಡಪ್ಪ, ಎಂದೆ. ಅವನು ಮೆತ್ತಗೆ ನಡುವೆ ಎಲ್ಲೋ ಇಟ್ಟ. ಒಂದು ಕ್ಷಣ ಕೈಮುಗಿದು ನಿಂತ. ಆಮೇಲೆ ಮಣ್ಣು ಎಳೆದರು.

ಸಂಜೆ ಟಿವಿಯಲ್ಲಿ ಯಾವತ್ತಿನಂತೆ ಜಿಲ್ಲೆಗಳ ಪಟ್ಟಿ ಓಡಿತು. ಮೈಸೂರು ಬಂತು. ಅದರ ಮುಂದೊಂದು ಅಂಕಿ ಬಂತು, ಹೋಯಿತು. ಆ ಅಂಕಿಯಲ್ಲಿ ನಮ್ಮತ್ತೆ ಸೇರಿದ್ದಾರೋ, ನಾಳೆಯದರಲ್ಲಿ ಸೇರುತ್ತಾರೋ, ಸೇರಲೇ ಇಲ್ಲವೋ, ಯಾರನ್ನು ಕೇಳುವುದು? ಅಷ್ಟು ದಿನ ಊಟ ಮಾಡುತ್ತಾ ನೋಡಿದ ಅಂಕಿಗಳಲ್ಲಿ ಒಂದೊಂದಕ್ಕೂ ಹೀಗೆ ಒಂದೊಂದು ಮಣೆ, ಒಂದೊಂದು ಲೋಟ ಇತ್ತೆಂದು ನನಗೆ ಆಗ ಹೊಳೆಯಿತು. ಟಿವಿ ಆರಿಸಿದೆ.

ಬಸ್ಸುಗಳು ಮತ್ತೆ ಓಡಲು ಶುರು ಮಾಡಿದ ಮೇಲೆ ಆಸ್ಪತ್ರೆಯಿಂದ ಫೋನು ಬಂತು. ನಿಮ್ಮದೊಂದು ಬಟ್ಟೆ ಚೀಲ ಉಳಿದಿದೆ, ತೆಗೆದುಕೊಂಡು ಹೋಗಿ ಎಂದರು. ಒಂದು ಕೋಣೆಯ ತುಂಬ ಚೀಲಗಳಿದ್ದವು. ಸ್ವೆಟರುಗಳು, ಪಂಚೆಗಳು, ಕೊಳೆತ ಮೂಸಂಬಿಯ ವಾಸನೆ. ಅದೇ ಕಾವಲುಗಾರ ಹುಡುಕಿಕೊಟ್ಟ. "ನಿಮ್ಮಮ್ಮ ಹೇಗಿದಾರೆ?" ಎಂದು ಕೇಳಿದೆ. ಅವನು ಇಲ್ಲವೆಂದು ತಲೆಯಾಡಿಸಿದ. ಸ್ಕೂಟರಿನ ಹತ್ತಿರ ಬಂದು ಸೀರೆಯ ಸೆರಗು ಹುಡುಕಿದೆ. ನಾನು ಹಾಕಿದ ಗಂಟು ಹಾಕಿದ ಹಾಗೇ ಇತ್ತು. ಬೆರಳಿಗೆ ಒಳಗಿನ ಗಟ್ಟಿ ಸಿಕ್ಕಿತು.

ಸ್ವಾಮಿಗಳನ್ನು ಕೇಳಿದರೆ, ಅದನ್ನು ಹೊಳೆಗೆ ಬಿಡಿ, ನೀವು ಬನ್ನಿ, ಬೇರೆ ಲಿಂಗ ಕಟ್ಟೋಣ, ಎಂದರು. ಆಗಲಿ ಬುದ್ಧಿ, ಎಂದೆ. ಇನ್ನೂ ಹೋಗಿಲ್ಲ. ನನ್ನದು ಮಣ್ಣಿನಲ್ಲಿ ಅವರ ಯಾವ ಕೈಯ ಹತ್ತಿರ ಇದೆಯೋ ಗೊತ್ತಿಲ್ಲ. ಅವರದನ್ನು ನನ್ನ ಅಂಗೈ ಮೇಲಿಟ್ಟುಕೊಳ್ಳಲು ನನಗೆ ಹಕ್ಕಿಲ್ಲ, ಹೊಳೆಗೆ ಬಿಡಲು ಮನಸ್ಸಿಲ್ಲ. ಆ ಗಂಟು ಬಿಚ್ಚಲಂತೂ ಕೈ ಬರುವುದಿಲ್ಲ. ಈಗಲೂ ಬೆಳಗ್ಗೆ ಕಾಫಿ ಸೋಸುವ ಮುಂಚೆ ಯಾಕೋ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತೇನೆ. ಸದ್ದು ಬರುವುದಿಲ್ಲ. ಸೋಸುತ್ತೇನೆ.

ಆ ಹಸಿರು ಸೀರೆಯನ್ನು ಗಂಟಿನ ಸಮೇತ ಮಡಿಸಿ ಬೀರುವಿನಲ್ಲಿಟ್ಟಿದ್ದೇನೆ, ರೇಷ್ಮೆ ಸೀರೆಗಳ ಹಿಂದೆ, ಮೊದಲು ನನ್ನದಿದ್ದ ಜಾಗದಲ್ಲಿ. ನೋಡಿ ಅತ್ತೆ, ಈಗ ನಿಮ್ಮ ದೇವರನ್ನೂ ಬೀರುವಿಗೆ ಹಾಕಿ ಬೀಗ ಜಡಿದಿದ್ದೇನೆ. ಬೈಯಿರಿ.